ವಾರಿಜಾ ಒಡೆಸಿದ ಗೋಡೆ

ಬನಶಂಕರಿ ಎರಡನೇ ಹಂತದ ವಾರಿಜಾಗೆ ತನ್ನ ಮನೆಯದೇ ಒಂದು ಗೋಡೆಯ ಮೇಲೆ ಹಗೆಯಿತ್ತು. ಮನುಷ್ಯರ ಮೇಲೆ ಹಗೆ ಸಾಧಿಸುವವರು ಬೇಕಾದಷ್ಟು ಜನ. ಕಕ್ಕಸಿನ ಗೋಡೆ ನೋಡಿ ಹಲ್ಲು ಮಸೆಯುವವರು ಅಪರೂಪ. ಅದನ್ನು ಕಟ್ಟಿಸಿದ ಭಾವನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತೆನ್ನಿ.

ಭಾವ ಎಂದರೆ ಗಂಡನ ಅಣ್ಣ, ಇಂಜಿನಿಯರ್ ಅನಂತರಾಮು. ತಮ್ಮ ವೆಂಕಟಾಚಲ ೧೯೭೯ರಲ್ಲಿ ಮನೆ ಕಟ್ಟಿಸಿದಾಗ ಎಲ್ಲ ಯಜಮಾನಿಕೆ ಅವನದೇ. ಬೊಂಬಾಯಿಯ ಯಾವುದೋ ಹೋಟೆಲಿನಲ್ಲಿ ಫ್ಲಷ್ ಟ್ಯಾಂಕನ್ನು ಗೋಡೆಯೊಳಗೆ ಅಡಗಿಸಿ ಹೊರಗೆ ಒಂದು ಬಟನ್ ಮಾತ್ರ ಬಿಟ್ಟಿದ್ದನ್ನು ನೋಡಿ ಬಂದಿದ್ದ. ಇಲ್ಲೂ ಹಾಗೇ ಮಾಡಿಸಿದ. ಮೇಲೆ ನುಣ್ಣಗೆ ಬಿಳಿ ಟೈಲ್ಸ್.

ಟ್ಯಾಂಕು ಕಾಣಲಿಲ್ಲ, ಸರಿ, ನೀರೂ ಕಾಣಲಿಲ್ಲ. ಬೆಳಿಗ್ಗೆ ಮೊದಲು ಹೋದವರಿಗೆ ಧಾರಾಳವಾಗಿ ಬರುತ್ತಿತ್ತು. ಆಮೇಲೆ ಹೋದವರು ಹೆಬ್ಬೆರಳು ನೋಯುವಂತೆ ಒತ್ತಿದರೂ ಒಂದು ಗೊರಗೊರ ಸದ್ದು, ಅಷ್ಟೇ. ಮಂಡಿನೋವಿನ ಅತ್ತೆ ಸೀತಾಲಕ್ಷ್ಮಿಗೆ, ಗಂಡನಿಗೆ, ಮಗಳಿಗೆ, ಬಂದ ನೆಂಟರಿಗೆ, ಎಲ್ಲರ ಹಿಂದೆಯೂ ಹಿತ್ತಲಿನ ನಲ್ಲಿಯಿಂದ ಬಕೆಟ್ ಹೊತ್ತು ತಂದು ಸುರಿಯುವವಳು ವಾರಿಜಾ.

ದೂರು ಹೇಳಿದರೆ ಅನಂತರಾಮು ಸ್ಕೂಟರಿನಲ್ಲಿ ಬರುತ್ತಿದ್ದುದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತಿಗೆ ಗಂಡ ಆಫೀಸಿಗೆ, ಮಗಳು ಕಾಲೇಜಿಗೆ ಹೋಗಿ, ಆ ಹಾಳು ಟ್ಯಾಂಕು ನಿಧಾನವಾಗಿ ತುಂಬಿಕೊಂಡು ಕೂತಿರುತ್ತಿತ್ತು. ಅವನು ಒತ್ತಿದ ತಕ್ಷಣ ನೀರು ಬೋರ್ಗರೆಯುತ್ತಿತ್ತು.

"ನನ್ನ ಕೈಗೆ ಬರುತ್ತಲ್ಲಮ್ಮಾ!" ಎಂದು ತಾಯಿಯ ಕಡೆ ತಿರುಗುತ್ತಿದ್ದ. "ಇವಳು ಶ್ರೀನಗರದ ವಠಾರದಲ್ಲಿ ಬೆಳೆದೋಳು. ಅಷ್ಟೂ ಮನೆಗೆ ಒಂದೇ ಕಕ್ಕಸು. ಫ್ಲಷ್ ಒತ್ತೋದು ಎಲ್ಲಿಂದ ಗೊತ್ತಿರ್ಬೇಕು ಪಾಪ?"

ಅತ್ತೆ ನಗುತ್ತಿದ್ದರು. ಸಂಜೆ ಗಂಡನಿಗೆ ಹೇಳಿದರೆ ಅವನು ಪೇಪರ್ ಮಗುಚುತ್ತಿದ್ದ. ವಾರಿಜಾ ಕಾಫಿ ತಂದು ಕೊಡುತ್ತಿದ್ದಳು. ವಠಾರದಲ್ಲಿ ಬೆಳೆದವಳು ಹೌದು. ಆ ವಠಾರದ ಕಕ್ಕಸನ್ನು ಸರದಿಯ ಮೇಲೆ ತೊಳೆದು, ಈ ಮನೆಯದಕ್ಕಿಂತ ಚೊಕ್ಕಟವಾಗಿ ಇಟ್ಟುಕೊಂಡಿದ್ದವರು ಅವಳ ತಾಯಿ ಮತ್ತು ಅಕ್ಕಪಕ್ಕದವರು. ಅದನ್ನು ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡಿದ್ದು ಅದೆಷ್ಟು ಸಲವೋ.

ಎಂಬತ್ತೈದರಲ್ಲಿ ಮಗಳ ಮದುವೆಯಾಯಿತು. ಅಳಿಯನ ಮೊದಲ ದೀಪಾವಳಿಗೆ ಬೀಗರೆಲ್ಲ ಬಂದರು. ಎಣ್ಣೆಸ್ನಾನದ ಗಡಿಬಿಡಿಯಲ್ಲಿ ಬೀಗಿತ್ತಿ ಕಕ್ಕಸಿಗೆ ಹೋಗಿ, ಬಾಗಿಲು ಅರ್ಧ ತೆರೆದು, ನಾಚಿಕೆಯಿಂದ ಕೆಂಪಾಗಿ ನಿಂತುಬಿಟ್ಟರು. ವಾರಿಜಾ ಬಕೆಟ್ ಹಿಡಿದು ನಡುಮನೆಯಲ್ಲೇ ಓಡಬೇಕಾಯಿತು. ಅನಂತರಾಮು ಬಿಡುತ್ತಾನೆಯೇ? ವಠಾರದ ಕಥೆಯನ್ನು ಬೀಗರ ಮುಂದೆಯೇ ಬಿಚ್ಚಿದ. ಬೀಗರು ನಕ್ಕರು. ಹೊಸ ಸೀರೆ ಉಟ್ಟಿದ್ದ ಮಗಳು ತಲೆ ಎತ್ತಲಿಲ್ಲ.

ತನ್ನನ್ನು ಆಡಿಕೊಂಡಿದ್ದನ್ನು ವಾರಿಜಾ ನುಂಗಿದ್ದಳು. ಮಗಳು ನಾಳೆ ಆ ಮನೆಯಲ್ಲಿ ವಠಾರದವಳ ಮಗಳು ಅನ್ನಿಸಿಕೊಳ್ಳುವುದನ್ನು ನುಂಗಲಾರಳು. ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆರಿಸುವ ಮನಸ್ಸೂ ಇರಲಿಲ್ಲ.

ಹಬ್ಬ ಕಳೆದ ಭಾನುವಾರ ಭಾವನನ್ನು ಊಟಕ್ಕೆ ಕರೆದಳು. ಅವನಿಗಿಷ್ಟವೆಂದು ಒಬ್ಬಟ್ಟು, ಮಜ್ಜಿಗೆಹುಳಿ. ಅವನು ಬರುವ ಹೊತ್ತಿಗೆ ಸರಿಯಾಗಿ ಮಡಿವಾಳದ ಪ್ಲಂಬರ್ ಪಿಳ್ಳಣ್ಣನನ್ನೂ ಬರಹೇಳಿದ್ದಳು. ಇಬ್ಬರೂ ಒಟ್ಟಿಗೇ ಬಂದರು.

"ಅಣ್ಣನ್ನ ಒಂದು ಮಾತು ಕೇಳದೆ ಗೋಡೆ ಒಡ್ಸೋದಾ?" ಎಂದು ವೆಂಕಟಾಚಲ ಪಿಸುಗುಟ್ಟಿದ.

"ಕೇಳೋದೇನು, ಎದುರಿಗೇ ಒಡೀತೀನಿ" ಎಂದು ವಾರಿಜಾ ಪಿಳ್ಳಣ್ಣನ ಕೈಯಿಂದ ಸುತ್ತಿಗೆ ಇಸಿದುಕೊಂಡು ಮೊದಲ ಏಟು ತಾನೇ ಹಾಕಿದಳು. ಟೈಲ್ಸ್ ಚೂರು ಸಿಡಿದು ಕೆನ್ನೆಗೆ ತಾಗಿತು. ಹಿತವಾಗಿತ್ತು.

ಪಿಳ್ಳಣ್ಣ ಉಳಿದದ್ದನ್ನು ಬಿಡಿಸಿ ಟ್ಯಾಂಕಿನ ಮುಚ್ಚಳ ತೆಗೆದ. ವಾರಿಜಾ ಬಗ್ಗಿ ನೋಡಿದಳು. ನೀರಿನ ಜೊತೆ ಏರಿ ಇಳಿಯಬೇಕಾದ ಚೆಂಡಿನ ಕಡ್ಡಿ ಮೇಲಕ್ಕೆ ಎಳೆದು ಕಟ್ಟಿಸಿಕೊಂಡು ನಿಂತಿತ್ತು. ಸಾಗಿಸುವಾಗ ಅಲುಗಾಡದಿರಲೆಂದು ಅಂಗಡಿಯವರು ಬಿಗಿದ ನೈಲಾನ್ ದಾರ, ಬಿಚ್ಚಿಯೇ ಇರಲಿಲ್ಲ. ಚೆಂಡು ಇಳಿಯದೆ ನೀರಿನ ಬಾಯಿ ತೆರೆಯದು. ಇಷ್ಟು ವರ್ಷ ಹನಿಹನಿಯಾಗಿ ಜಿನುಗಿಯೇ ತುಂಬುತ್ತಿತ್ತು.

"ಅತ್ತೆ, ಇಲ್ಲಿ ಬನ್ನಿ" ಎಂದಳು. ಗೋಡೆ ಹಿಡಿದು ಬಂದ ಸೀತಾಲಕ್ಷ್ಮಿ ದಾರವನ್ನು ಕಣ್ಣಾರೆ ಕಂಡರು.

"ಆಗಿನ ಪ್ಲಂಬರ್ ಬೇಜವಾಬ್ದಾರಿ" ಎಂದ ಅನಂತರಾಮು.

"ಆಗ ಬೀದಿಗೆ ಇನ್ನೂ ನಲ್ಲಿ ನೀರೇ ಬಂದಿರ್ಲಿಲ್ಲ ಭಾವ. ನೀರು ಬಿಟ್ಟು ನೋಡಿ ಆಮೇಲೆ ಗೋಡೆ ಮುಚ್ತೀನಿ ಅಂತ ಅವನು ಗೋಗರೆದ. ಆಷಾಢ ಬಂದುಬಿಡುತ್ತೆ, ಗೃಹಪ್ರವೇಶದ ಮುಹೂರ್ತ ತಪ್ಪುತ್ತೆ, ಮೊದಲು ಟೈಲ್ಸ್ ಹಾಕು ಅಂತ ಗದರಿಸಿದ್ದು ಯಾರು?"

ಅನಂತರಾಮು ತಾಯಿಯ ಕಡೆ ತಿರುಗಿದ. ಈ ಸಲ ಅವರು ನೆರವಿಗೆ ಬರಲಿಲ್ಲ. ಆ ಗದರಿಕೆ ಅವರ ಎದುರಿಗೇ ನಡೆದದ್ದು. ಊಟಕ್ಕೆ ಕೂತಾಗ ವಾರಿಜಾ ಬೇಡ ಬೇಡವೆಂದರೂ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿದಳು. ಹೊಟ್ಟೆ ತನ್ನ ಕೆಲಸ ಮಾಡಿತು. ಅವನು ಮುಖ ಸಣ್ಣದು ಮಾಡಿಕೊಂಡು ಎದ್ದು ನಿಂತ.

"ಹೋಗಿ ಭಾವ, ಕೂರೋಕೆ ಏನೂ ತೊಂದ್ರೆಯಿಲ್ಲ. ಟ್ಯಾಂಕ್ ಮಾತ್ರ ಬಿಚ್ಚಿದೆ. ನೀರು ಹಿತ್ತಲಲ್ಲಿದೆ, ಬಕೆಟ್ ಅಲ್ಲೇ ಇದೆ."

ಇಂಜಿನಿಯರ್ ಅನಂತರಾಮು ತುಂಬಿದ ಬಕೆಟ್ ಹೊತ್ತು, ಪಂಚೆ ಒದ್ದೆ ಮಾಡಿಕೊಂಡು, ನಡುಮನೆ ದಾಟಿದ. ತಮ್ಮ ಏಳಲು ಹೋದ. ಹೆಂಡತಿಯ ಕಣ್ಣು ನೋಡಿ ಮತ್ತೆ ಕೂತ. ವಾರಿಜಾಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಇನ್ನೊಂದು ಒಬ್ಬಟ್ಟು ಹಾಕಬೇಕಿತ್ತು ಅನ್ನಿಸಿತು.

ಮಾರನೆಯ ದಿನ ಪಿಳ್ಳಣ್ಣ ಗೋಡೆಯ ಹೊರಗೇ, ಕೈಗೆಟಕುವ ಎತ್ತರದಲ್ಲಿ ಬಿಳಿ ಪ್ಲಾಸ್ಟಿಕ್ ಟ್ಯಾಂಕು ಕೂರಿಸಿ, ಅದರ ಹಿಡಿಯನ್ನು ಒಂದು ಬೆರಳಿಗೆ ಇಳಿಯುವಂತೆ ಮಾಡಿಕೊಟ್ಟು ಹೋದ. ಮೊದಲು ಒಳಗೆ ಹೋದವರು ಸೀತಾಲಕ್ಷ್ಮಿ. ನೀರು ಸುರಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಆಮೇಲೆ ಇನ್ನೊಮ್ಮೆ. ಹೊರಗೆ ಬಂದವರು ಸೊಸೆಯ ಮುಖ ನೋಡದೆ ಕೈ ಒರೆಸಿಕೊಂಡರು.

"ಬೀಗರನ್ನ ಇನ್ನೊಂದ್ಸಲ ಊಟಕ್ಕೆ ಕರಿ, ವಾರಿಜಾ."

"ಕರೀತೀನಿ ಅತ್ತೆ."

"ಅನಂತರಾಮೂನೂ ಕರಿ" ಎಂದರು ಅತ್ತೆ. "ಆ ದಾರದ ಕಥೆ ಬೀಗರಿಗೆ ನಾನೇ ಹೇಳ್ಬೇಕು. ಅವನ ಎದುರಿಗೇ."