ಪಂಚಮಿ ವಾರ ಬಂದ ಮೆಸೇಜು

ಗಂಗಮ್ಮನ ಓದು ನಿಲ್ಲಿಸಿದವಳು ನಾನು. ಪಂಚಮಿ ಹಬ್ಬವಲ್ಲ, ಆಕೆಯ ಉಡಾಫೆಯಲ್ಲ, ನೆಟ್‌ವರ್ಕೂ ಅಲ್ಲ — ನಾನು. ಐದು ವರ್ಷದಿಂದ ನಮ್ಮ ಮನೆಯವರೆಲ್ಲ ನಂಬಿಕೊಂಡು ಬಂದದ್ದು ಸುಳ್ಳು. ಆ ಸುಳ್ಳು ಹೇಳಿದವಳೂ ನಾನೇ.

ಗಂಗಮ್ಮ ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ತವರು ದೇವದುರ್ಗ. ಮಾನ್ವಿಯ ನಮ್ಮ ಮನೆಗೆ ಬಂದ ಎರಡನೆಯ ವರ್ಷ ಆಕೆ, ನಾನು ಇಬ್ಬರೂ ಆನ್‌ಲೈನ್ ಎಂ.ಎ.ಗೆ ಹೆಸರು ಹಚ್ಚಿದೆವು. ಪಾಠ ದಿನಾ ಸಂಜೆ ಆರಕ್ಕೆ. ನಮ್ಮಲ್ಲಿ ರೊಟ್ಟಿ ಬಡಿಯುವುದೂ ಆರಕ್ಕೇ — ಒಂಬತ್ತು ಮಂದಿಯ ರೊಟ್ಟಿ. ಇಬ್ಬರು ಸೊಸೆಯಂದಿರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಮನೆ ಹೇಗೆ ನಡೆದೀತು? ಅದಕ್ಕೆ ನಾನೊಂದು ಟೈಮ್‌ಟೇಬಲ್ ಹಾಕಿದೆ. ಸೋಮ, ಬುಧ, ಶುಕ್ರ ನಾನು ಪಾಠಕ್ಕೆ, ಆಕೆ ರೊಟ್ಟಿಗೆ. ಮಂಗಳ, ಗುರು, ಶನಿ ಅದಲುಬದಲು. ಮರುದಿನ ಬೆಳಿಗ್ಗೆ ಪಾತ್ರೆ ತಿಕ್ಕುತ್ತ, ಪಾಠ ಕೇಳಿದವಳು ಇನ್ನೊಬ್ಬಳಿಗೆ ಹೇಳಬೇಕು. ಯಾವ ಅಸೈನ್‌ಮೆಂಟ್ ಯಾವತ್ತು ಕಳಿಸಬೇಕೆಂಬುದನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದವಳೂ ನಾನೇ. ಆಕೆಗೆ ಆಗ ಸ್ವಂತ ಫೋನಿರಲಿಲ್ಲ. ಇಬ್ಬರ ಹೆಸರಿಗೂ ನನ್ನ ನಂಬರೇ ಕೊಟ್ಟಿದ್ದೆವು.

ಮೊದಲ ಸೆಮಿಸ್ಟರಿನ ಪರೀಕ್ಷೆಯನ್ನು ರಾಯಚೂರಿಗೆ ಹೋಗಿ ಬರೆದು ಬಂದೆವು. ಫಲಿತಾಂಶ ಬಂದಾಗ ನಾನು ಹೇಗೋ ದಡ ಸೇರಿದ್ದೆ. ಗಂಗಮ್ಮ ನನಗಿಂತ ಬಹಳ ಮುಂದಿದ್ದಳು — ಅದೂ ಪಾತ್ರೆ ತಿಕ್ಕುತ್ತ ನಾನು ಅರ್ಧಂಬರ್ಧ ಒಪ್ಪಿಸಿದ ಪಾಠದಿಂದ!

ಅತ್ತೆ ಕರೆದು ಹೇಳಿದರು: "ಗಂಗಾನ ತಲಿ ಚಲೋ ಅದ. ಇನ್ನ ದಿನಾ ಆಕಿನೇ ಪಾಠಕ್ಕ ಕುಂದರ್ಲಿ. ನೀ ರೊಟ್ಟಿ ನೋಡ್ಕೋ. ಆಕಿ ನಿನಗ ಹೇಳಿಕೊಡ್ತಾಳ."

ಲೆಕ್ಕ ಹಾಕಿದರೆ ಸರಿಯಾದ ಮಾತೇ. ಹೂಂ ಅಂದೆ. ನನ್ನ ಕೈಯಾರೆ ಟೈಮ್‌ಟೇಬಲ್ ತಿದ್ದಿದೆ — ಆರೂ ದಿನ ಆಕೆಯ ಹೆಸರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬರಬೇಕಿತ್ತು... ಅದೂ ಇಲ್ಲ. ದಿನಾ ಆರಕ್ಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ.

ಪಂಚಮಿಗೆ ಆಕೆಯ ಅಣ್ಣ ಬಂದು ತವರಿಗೆ ಕರೆದೊಯ್ದ. ಹೋಗುವ ಮುಂಚೆ ಗಂಗಮ್ಮ ಆ ಸೆಮಿಸ್ಟರಿನ ಅಸೈನ್‌ಮೆಂಟ್ ಪೂರ್ತಿ ಬರೆದು ನನ್ನ ಕೈಗಿಟ್ಟಳು. ಕಳಿಸಲು ಇನ್ನೂ ಎರಡು ವಾರವಿತ್ತು. "ತಾರೀಖು ಹಿಂದ ಮುಂದ ಆದ್ರ ನೀನ ಫೋಟೋ ಹೊಡದು ಕಳಿಸಿಬಿಡು, ಯಕ್ಕಾ" ಅಂದಳು.

ಮೂರನೆಯ ದಿನ ಮೆಸೇಜು ಬಂತು. ಕೊನೆಯ ತಾರೀಖು ಬದಲಾಗಿದೆ, ನಾಳೆ ಸಂಜೆ ಐದರೊಳಗೆ ಕಳಿಸಬೇಕು. ಮರುದಿನ ಮಧ್ಯಾಹ್ನ ಕೂತು ನನ್ನ ಹಾಳೆಗಳ ಫೋಟೋ ತೆಗೆದು ಕಳಿಸಿದೆ. ಆಕೆಯ ಹಾಳೆಗಳು ಪಕ್ಕದಲ್ಲೇ ಇದ್ದವು. ಹತ್ತು ನಿಮಿಷದ ಕೆಲಸ. ಮರೆತೆ ಎಂದು ಹೇಳಲಾರೆ. ನೋಡುತ್ತಲೇ ಕೂತಿದ್ದೆ.

ನಾಲ್ಕರ ಸುಮಾರಿಗೆ ಅಣ್ಣನ ಫೋನಿನಿಂದ ಆಕೆಯೇ ಮಾತಾಡಿದಳು. "ಯಕ್ಕಾ, ಮೆಸೇಜ್ ಏನರ ಬಂದದೇನ?" ಹಿಂದೆ ಜೋಕಾಲಿ ಆಡುವ ಹೆಣ್ಣುಮಕ್ಕಳ ನಗು.

"ಏನೂ ಬಂದಿಲ್ಲ. ನೀ ಆರಾಮ ಹಬ್ಬ ಮಾಡು."

ಫೋನಿಟ್ಟ ಮೇಲೂ ಹೊತ್ತಿತ್ತು. ಇನ್ನೂ ಒಂದು ತಾಸು — ಬೇಕಿದ್ದರೆ ಆಗಲೂ... ನಾನು ಎದ್ದು ಹಿಟ್ಟು ಸೋಸಿದೆ.

ಆಕೆ ತಿರುಗಿ ಬಂದಾಗ ಹೇಳಿದೆ: "ನೀ ಫೋನ್ ಇಟ್ಟ ಮ್ಯಾಲ ಬಂತು ನೋಡು. ನೆಟ್‌ವರ್ಕ್ ಬ್ಯಾರೆ ಸ್ಲೋ ಇತ್ತು, ನಂದು ಕಳಿಸಿ ನಿಂದು ಕಳಿಸೂದ್ರಾಗ ಐದು ದಾಟಿತು." ಗಂಗಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಂಬಿದಳು. ಅಸೈನ್‌ಮೆಂಟ್ ಇಲ್ಲದ್ದಕ್ಕೆ ಹಾಲ್ ಟಿಕೆಟ್ ಬರಲಿಲ್ಲ. "ಓದೋ ಹೊತ್ತಿನ್ಯಾಗ ಜೋಕಾಲಿ ಆಡಾಕ ಹೋದ್ರ ಹಿಂಗ ಆಗ್ತದ" ಅಂದರು ಅತ್ತೆ. ಸಾಕು ಬಿಡು ಅಂದ ಮೈದುನ. ಆರರ ಪಾಠ ಮತ್ತೆ ನನ್ನದಾಯಿತು.

ಎಂ.ಎ. ಮುಗಿಸಿ ಈಗ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ನನ್ನ ಬುತ್ತಿಯ ರೊಟ್ಟಿ ಗಂಗಮ್ಮನೇ ಮಾಡುತ್ತಾಳೆ. ಆದರೆ ಆ ವರ್ಷದ ನಂತರ ಆಕೆ ಪಂಚಮಿಗೆ ತವರಿಗೆ ಹೋಗಿಲ್ಲ. ಪ್ರತಿ ವರ್ಷ ಅಣ್ಣ ಕರೆಯಲು ಬರುತ್ತಾನೆ, ತಾಯಿ ಕಟ್ಟಿದ ಉಂಡಿಯ ಡಬ್ಬಿ ಇಟ್ಟು ಒಬ್ಬನೇ ಬಸ್ಸು ಹತ್ತುತ್ತಾನೆ. ತನಗೆ ತಾನೇ ಹಾಕಿಕೊಂಡ ಶಿಕ್ಷೆ ಅದು. ನನಗೆ ಗೊತ್ತಿತ್ತು. ಆ ಉಂಡಿ ನಾನೂ ತಿಂದಿದ್ದೇನೆ.

ಮೊನ್ನೆ ಅಣ್ಣ ಫೋನ್ ಮಾಡಿದಾಗ ಈ ಸಲವೂ ಆಕೆ ಒಲ್ಲೆ ಅಂದಳು. ಅಲ್ಲೇ, ಅಡಿಗೆಮನೆಯಲ್ಲಿ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಎಂ.ಎ. ಸುದ್ದಿ ಎತ್ತಲೇ ಇಲ್ಲ. ಕೈಗೆ ಮೆತ್ತಿದ ಹಿಟ್ಟು ಉದುರಿಸಿ, ಕೇಳಿದಳು:

"ಹಂಗಾರ ನಾ ಹೋಗಬಹುದಿತ್ತಲ್ಲ, ಯಕ್ಕಾ?"

ನಾನು ಒಲೆ ಆರಿಸಿದೆ.

"ನಮ್ಮವ್ವಗ ನೀನ ಬಂದು ಹೇಳು" ಅಂದಳು. "ನನ್ನ ಕೈಲೆ ಆಗಂಗಿಲ್ಲ."

ಅತ್ತೆಗೆ ನಿನ್ನೆ ಹೇಳಿದ್ದೇನೆ. ಭಾನುವಾರ ಗಂಗಮ್ಮನ ಜೊತೆ ದೇವದುರ್ಗಕ್ಕೆ ಹೋಗುತ್ತೇನೆ. ಆ ತಾಯಿಯ ಮುಂದೆ ಹೇಗೆ ಬಾಯಿ ಬಿಡಲಿ — ಗೊತ್ತಿಲ್ಲ. ಆ ಡಬ್ಬಿಯಲ್ಲಿ ಆಕೆ ಪ್ರತಿ ವರ್ಷ ನನಗೆಂದೇ ಒಂದು ಗಂಟು ಬೇರೆ ಕಟ್ಟಿ ಕಳಿಸುತ್ತಿದ್ದಳು, ತನ್ನ ಮಗಳ ಓದಿಗೆ ಹೆಗಲು ಕೊಟ್ಟವಳೆಂದು.