ಬೀಗ ಹಾಕುವ ಮೊದಲು ಕೂಗಬೇಕು

ಬೈಕಿನ ಕೀಲಿಯನ್ನು ಕೋಣೆಯೊಳಗೆ ಬಿಟ್ಟು, ಬೀಗ ಜಡಿದು, ಆಮೇಲೆ ಜೇಬು ತಡಕುವವರ ಪೈಕಿ ನಾನು. ಬುದ್ಧಿ ಹಂಚುವಾಗ ನಾನು ಚಹಾ ಕುಡಿಯಲು ಹೋಗಿದ್ದೆನೆಂದು ಅಪ್ಪ ಹೇಳುತ್ತಾನೆ. ಇಂಥವನ ಮಾತನ್ನು ನೀವು ನಂಬಲೇಬೇಕೆಂದಿಲ್ಲ. ದೆವ್ವ, ಗಾಳಿ ಅಂದವರನ್ನು ನಾನೂ ನಂಬುತ್ತಿರಲಿಲ್ಲ. ಕೆಮ್ಮು ಬರುವಷ್ಟು ನಗುತ್ತಿದ್ದೆ.

ಅವ್ವ ರಾಯಚೂರಿನಲ್ಲಿ ವಿಶ್ವವಿದ್ಯಾಲಯದ ಒಂದು ವಿಭಾಗದ ಕಚೇರಿ ನೋಡಿಕೊಳ್ಳುತ್ತಾಳೆ. ಮುಖ್ಯಸ್ಥರು ಎಷ್ಟೋ ಜನ ಬಂದು ಹೋದರು, ಅವ್ವ ಮಾತ್ರ ಅಲ್ಲೇ ಇದ್ದಾಳೆ. ಹಿಂದೊಮ್ಮೆ ಕಪಾಟಿನ ಹಿಂದೆ ಓದುತ್ತ ನಿದ್ದೆಹೋಗಿದ್ದ ಹುಡುಗಿಯನ್ನು ಒಳಗೇ ಬಿಟ್ಟು ಬೀಗ ಹಾಕಿದ್ದಳಂತೆ. ಅಂದಿನಿಂದ "ಯಾರರ ಒಳಗ ಇದ್ದೀರೇನ್ರಿ?" ಎಂದು ಕೂಗಿ, ಕಿವಿಗೊಟ್ಟು ನಿಂತ ಮೇಲೆಯೇ ಬೀಗ. ಮನೆಯಲ್ಲೂ ಅಷ್ಟೇ.

"ನೀ ಇಲ್ಲಿ ಕೂಗಿದ್ರ ದೇವದುರ್ಗದಾಗ ನಿಮ್ಮಣ್ಣ ಓ ಅಂತಾನ ನೋಡ," ಎಂದು ಅಪ್ಪ ಅವಳ ತವರನ್ನು ಎಳೆದು ಕಾಡಿಸುತ್ತಾನೆ.

ಆ ಭಾನುವಾರ ಮಾನ್ವಿಯಲ್ಲಿ ಬಸುರಿ ಅಕ್ಕನ ಕುಬಸ, ಅಂದರೆ ಸೀಮಂತ. ಅಪ್ಪ, ಅವ್ವ ಬಸ್ಸು ಹತ್ತಿದ ಮೇಲೆ ಅವ್ವನ ಫೋನ್ ಬಂತು.

"ಲೇ, ಕುಬಸದ ಸೀರಿ ಆಫೀಸಿನ ಕಪಾಟಿನ್ಯಾಗ ಉಳೀತು. ಇನ್ನೊಂದು ಕೀಲಿ ಮನ್ಯಾಗ ಅದ, ಹೋಗಿ ತಗೊಂಡು ಬಾ. ಬೀಗ ಹಾಕೂಕಿಂತ ಮೊದಲ ಕೂಗು."

"ಭಾನುವಾರ ಅಲ್ಲಿ ಯಾರಿರ್ತಾರ ಬೇ ಯವ್ವಾ?"

"ಹೇಳಿದಷ್ಟು ಮಾಡು."

ಮಧ್ಯಾಹ್ನದ ಬಿಸಿಲು, ಕಟ್ಟಡದಲ್ಲಿ ನರಪಿಳ್ಳೆಯೂ ಇಲ್ಲ. ಸೀರೆ ತೆಗೆದುಕೊಂಡೆ, ಅವ್ವನ ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದೆ, ಬೀಗ ಹಾಕಿದೆ. ಆಗ ನೆನಪಾಯಿತು, ಕೂಗಲಿಲ್ಲ. ಮುಚ್ಚಿದ ಬಾಗಿಲಿಗೇ ಮೂತಿ ಇಟ್ಟು, ಅವ್ವನ ದನಿಯನ್ನೇ ಅಣಕಿಸಿ ಕೂಗಿದೆ: "ಯಾರರ ಒಳಗ ಇದ್ದೀರೇನ್ರಿ?"

"ಇದ್ದೀನಿ. ತಡಿ, ಬಾಗ್ಲಾ ತಗಿ."

ಅವ್ವನ ದನಿ. ಬಾಗಿಲಿನ ಆ ಕಡೆಯಿಂದ.

ಮೆಟ್ಟಿಲು ಇಳಿದೆನೋ ಉರುಳಿದೆನೋ ಗೊತ್ತಿಲ್ಲ. ಬೈಕಿನ ಹತ್ತಿರ ಬಂದು ಜೇಬಿಗೆ ಕೈ ಹಾಕಿದರೆ ಕಚೇರಿಯ ಕೀಲಿ ಇದೆ, ಬೈಕಿನದಿಲ್ಲ. ಅದು ಒಳಗೆ, ಅವ್ವನ ಮೇಜಿನ ಮೇಲೆ! ಅವ್ವನಿಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಹಚ್ಚಿದೆ. ಇಲ್ಲ. ದೆವ್ವದ ಹೆದರಿಕೆ ಹೋಗಿ ಬೇರೆ ಹೆದರಿಕೆ ಹಿಡಿಯಿತು: ಅವ್ವನಿಗೆ ಏನೋ ಆಗಿದೆ.

ಮಾನ್ವಿಗೆ ಓಡಲು ಬೈಕಿನ ಕೀಲಿ ಬೇಕು, ಕೀಲಿಗೆ ಆ ಬಾಗಿಲು ತೆಗೆಯಬೇಕು. ಅಳುತ್ತಲೇ ಮೇಲೆ ಹತ್ತಿದೆ. ಅವಸರದಲ್ಲಿ ಕೀಲಿಯನ್ನು ತಲೆಕೆಳಗಾಗಿ ತುರುಕಿ, ಎರಡನೇ ಸಲಕ್ಕೆ ಬೀಗ ತೆಗೆದೆ. ಒಳಗೆ ಯಾರೂ ಇರಲಿಲ್ಲ. ಅವ್ವನ ಕುರ್ಚಿ ಮಾತ್ರ, ಯಾರೋ ಈಗಷ್ಟೇ ಎದ್ದುಹೋದಂತೆ, ಹಿಂದಕ್ಕೆ ಸರಿದಿತ್ತು. ನಾನೇ ಸರಿಯಾಗಿ ತಳ್ಳಿರಲಿಲ್ಲವೋ ಏನೋ. ಬೈಕಿನ ಕೀಲಿ ಎತ್ತಿಕೊಂಡು ಓಡಿದೆ. ಬಾಗಿಲು ಹಾಕಲಿಲ್ಲ.

ದಾರಿಯಲ್ಲಿ ಕಲ್ಮಲ ದಾಟುವಾಗ ಅಪ್ಪನ ಫೋನ್ ಬಂತು: "ಗಾಬರಿ ಆಗಬ್ಯಾಡ. ಅವ್ವಗ ಒಂದೀಟು ಆರಾಮಿಲ್ಲ. ಮಾನ್ವಿ ದವಾಖಾನಿಗೆ ಬಾ."

ನಾನು ಹೋದಾಗ ಅವ್ವ ಮಂಚದ ಮೇಲೆ ಕೂತು ಎಳನೀರು ಕುಡಿಯುತ್ತಿದ್ದಳು. "ಸೀರಿ ತಂದ್ಯಾ?" ಎಂದಳು, ಏನೂ ಆಗದವಳಂತೆ. ಬಸ್ಸಿನಲ್ಲಿ ಏನಾಯಿತೆಂದು ಅವಳಿಗೆ ನೆನಪಿರಲಿಲ್ಲ. ನಾನು ಸೀರೆಯನ್ನು ಅವಳ ಮಡಿಲಿಗಿಟ್ಟೆ. ಇವತ್ತಿಗೂ ನನಗೆ ಇದರ ತಲೆಬುಡ ತಿಳಿದಿಲ್ಲ.

ಅಪ್ಪ ನನ್ನನ್ನು ಹೊರಗೆ ಕರೆದೊಯ್ದ.

"ನೀರಮಾನ್ವಿ ಹತ್ರ ಬಸ್ಸಿನ್ಯಾಗ ಕುಂತಲ್ಲೇ ವಾಲಿದ್ಲಪಾ. ಎಷ್ಟ ಅಲುಗಾಡಿಸಿದ್ರೂ ಇಲ್ಲ, ಉಸಿರ ಅದನೋ ಇಲ್ಲೋ ತಿಳೀಲಿಲ್ಲ. ಹೋದ್ಲು ಅಂತ ನಾ ಕೈ ಬಿಟ್ಟಿದ್ದೆ. ಒಮ್ಮಿಗೇ ಕಣ್ಣ ತಗದು ನನ್ನ ಕೇಳಿದ್ಲು, 'ಬಾಗ್ಲಾ ಯಾರು ತಗದ್ರು?' ಅಂತ."