ವರ್ಲಿನ್ ಎತ್ತಿದ ಕೈ

ಇಂಡಿಯಾನಾಪೊಲಿಸ್‌ನ ನಮ್ಮ ಕಾರ್ ರೇಸ್ ಶೆಡ್ಡಿನಲ್ಲಿ ವರ್ಲಿನ್ ಹತ್ತೊಂಬತ್ತು ವರ್ಷದಿಂದ ರೇಸಿನ ನಡುವೆ ಕಾರು ನಿಂತಾಗ ಅದರ ಹಿಂದಿನ ಬಲಚಕ್ರ ಬದಲಿಸುವವನು. ಚಕ್ರಕ್ಕೆ ಒಂದೇ ನಟ್ಟು. ಅದನ್ನು ಬಿಗಿದು ಅವನು ಕೈ ಎತ್ತಿದ ಮೇಲೆಯೇ ಕಾರು ಹೊರಡಬೇಕು. ಸೀಸನ್ನಿನ ಮೊದಲ ರೇಸಿಗೆ ಎರಡೇ ವಾರವಿತ್ತು. ಅವನ ಜಾಗದ ಮೇಲೆ ತರುಣ ಕರ್ಟಿಸ್ ಕಣ್ಣಿಟ್ಟಿದ್ದ. ಆ ಜಾಗ ಯಾರಿಗೆಂದು ತೀರ್ಮಾನಿಸುವ ಪರೀಕ್ಷೆಯಲ್ಲಿ ಕರ್ಟಿಸ್‌ಗೆ ಆರು ಸೆಕೆಂಡು ಹಿಡಿಯಿತು. ವರ್ಲಿನ್ ಐದೂವರೆ ಸೆಕೆಂಡಿಗೇ ಕೈ ಎತ್ತಿದ.

"ಈ ವರ್ಷವೂ ನೀನೇ ಕಣೋ ಮುದುಕ," ಎಂದ ಮುಖ್ಯಸ್ಥ ಲಾಯ್ಡ್.

ಎಲ್ಲರೂ ಕಾಫಿಯ ಕಡೆ ತಿರುಗಿದರು. ವರ್ಲಿನ್ ಬಗ್ಗಿ ನಟ್ಟನ್ನು ಬೆರಳಿನಿಂದ ಮುಟ್ಟಿದ. ಅದು ತಿರುಗಿತು. ನೋಡಿದವನು ನಾನೊಬ್ಬನೇ. ಸುಮ್ಮನಿರು ಎಂದು ತಲೆಯಾಡಿಸಿದೆ; ಆ ಹಟಮಾರಿ ಕೇಳಬೇಕಲ್ಲ.

"ಲಾಯ್ಡ್, ಕರ್ಟಿಸ್ ಹೆಸರು ಬರ್ಕೊ. ನಟ್ಟು ಕೂರೋ ಮೊದ್ಲೇ ಕೈ ಎತ್ಬಿಟ್ಟೆ."

"ಪ್ರಾಕ್ಟೀಸ್ ತಾನೇ, ಬಿಡೋ."

"ಓಡಿಸೋನು ನಟ್ಟು ನೋಡಲ್ಲ ಲಾಯ್ಡ್. ನನ್ ಕೈ ನಂಬಿ ಹೊರಡ್ತಾನೆ."